ಕಡಲ ಹಾದಿಯ ಯಾತ್ರೆ

ಕಾರವಾರದ ಕಡಲತೀರದಲ್ಲಿ ನಿಂತು ಪಡುವಲಿಗೆ ಕಣ್ಣು ಹಾಯಿಸಿದರೆ ಸಮುದ್ರವು ಬರಿಯ ನೀರಿನ ಬಯಲಾಗಿ ಕಾಣುವುದಿಲ್ಲ. ಸಹ್ಯಾದ್ರಿಯ ಬೆಟ್ಟಗಳು ದಡದವರೆಗೆ ಇಳಿದು ಬಂದು, ಅಲ್ಲಿಗೂ ನಿಲ್ಲದೆ ಕಡಲೊಳಕ್ಕೆ ನಾಲ್ಕು ಹೆಜ್ಜೆ ಇಟ್ಟವೋ ಎಂಬಂತೆ ಹಲವು ನಡುಗಡ್ಡೆಗಳು ಅಲೆಗಳ ನಡುವೆ ತಲೆಯೆತ್ತಿ ನಿಂತಿವೆ. ದೀಪಸ್ತಂಭವನ್ನು ಹೊತ್ತ ದೇವಗಡ, ಆಮೆಯಂತೆ ಬೆನ್ನುಬ್ಬಿಸಿದ ಕೂರ್ಮಗಡ, ಇನ್ನೂ ದಕ್ಷಿಣಕ್ಕೆ ಬಿಣಗಾ ಮತ್ತು ಅರಗಾ ಗ್ರಾಮಗಳ ಎದುರಿಗೆ ಉದ್ದಕ್ಕೆ ಚಾಚಿಕೊಂಡಿರುವ ಅಂಜುದೀವ. ಇವುಗಳಲ್ಲಿ ಎರಡು ಯಾತ್ರಾಸ್ಥಳಗಳು. ಕೂರ್ಮಗಡದ ಮೇಲೆ ನರಸಿಂಹನ ಗುಡಿಯಿದೆ. ಅಂಜುದೀವದಲ್ಲಿ ಮೇರಿಮಾತೆಯ ಇಗರ್ಜಿಯಿದೆ. ಮೊದಲನೆಯದಕ್ಕೆ ಇಂದಿಗೂ ವರ್ಷಕ್ಕೊಮ್ಮೆ ಸಾವಿರಾರು ಜನರು ದೋಣಿಯೇರಿ ಹೋಗುತ್ತಾರೆ. ಎರಡನೆಯದಕ್ಕೆ ಹೋಗುತ್ತಿದ್ದ ಯಾತ್ರಿಕರು ಈಗ ಹೋಗುವಂತಿಲ್ಲ.

ಊರ ನಡುವೆಯೇ ಗುಡಿಯನ್ನು ಕಟ್ಟಿಕೊಂಡು ನಿತ್ಯವೂ ಪೂಜೆ ಸಲ್ಲಿಸುವ ಮನುಷ್ಯನು, ಅದೇ ದೇವರನ್ನು ಕಾಣಲು ಕಾಲಿಗೆ ಎಟುಕದ ತಾಣಗಳನ್ನು ಏಕೆ ಹುಡುಕುತ್ತಾನೆ? ಇದು ನಮ್ಮ ನಾಡಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಆಫ್ರಿಕ ಖಂಡದ ಇಥಿಯೋಪಿಯ ದೇಶವು ಬಹು ಪ್ರಾಚೀನ ಕಾಲದಲ್ಲಿಯೇ ಕ್ರೈಸ್ತಮತವನ್ನು ಸ್ವೀಕರಿಸಿದ ನಾಡುಗಳಲ್ಲಿ ಒಂದು. ಕ್ರಿ.ಶ. ನಾಲ್ಕನೆಯ ಶತಮಾನದಲ್ಲಿ ಅಕ್ಸುಮ್ ರಾಜ್ಯದ ದೊರೆಯಾದ ಎಜಾನನು ಆ ಮತವನ್ನು ಅವಲಂಬಿಸಿದನು. ಅಲ್ಲಿನ ಬಹುಸಂಖ್ಯೆಯ ಕ್ರೈಸ್ತರು ರೋಮಿನ ಪೋಪರ ಅಧಿಕಾರಕ್ಕೆ ಒಳಪಡದ ಆರ್ಥೊಡಾಕ್ಸ್ ಪಂಥದವರು. ದೇಶದ ಉತ್ತರ ಭಾಗದ ತಿಗ್ರಾಯ್ ಪ್ರಾಂತದಲ್ಲಿ ಘೆರಾಲ್ಟ ಎಂಬ ಬೆಟ್ಟಸಾಲಿದೆ. ಅಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಹತ್ತಾರು ಇಗರ್ಜಿಗಳುಂಟು. ಅವುಗಳಲ್ಲೆಲ್ಲ ದುರ್ಗಮವಾದುದು ಅಬುನ ಯೆಮಾತ ಗುಹ್ ಎಂಬುದು.

ಸಮುದ್ರಮಟ್ಟದಿಂದ ಎರಡೂವರೆ ಸಾವಿರ ಮೀಟರಿಗೂ ಮೇಲೆ, ನೆಟ್ಟಗೆ ನಿಂತ ಕಲ್ಲಿನ ಕಂಬದಂಥ ಶಿಖರದ ಪಾರ್ಶ್ವದಲ್ಲಿ ಈ ಗುಹೆಯಿದೆ. ಅಲ್ಲಿಗೆ ಮೆಟ್ಟಿಲುಗಳಿಲ್ಲ. ಬಂಡೆಯಲ್ಲಿ ಸವೆದ ಗುಳಿಗಳಿಗೆ ಬೆರಳನ್ನೂ ಕಾಲ್ಬೆರಳನ್ನೂ ಊರಿ ಹತ್ತಬೇಕು. ಪಾದರಕ್ಷೆಗಳನ್ನು ಕೆಳಗೆಯೇ ಬಿಡಬೇಕು; ದೇವರ ಮೇಲಿನ ಗೌರವದಿಂದ ಬರಿಗಾಲು, ಹಿಡಿತ ತಪ್ಪದಿರಲೆಂದೂ ಬರಿಗಾಲೇ. ಕೊನೆಯಲ್ಲಿ ಒಂದು ಹೆಜ್ಜೆಯಗಲದ ಕಲ್ಲಿನ ಅಂಚು. ಅದರ ಪಕ್ಕದಲ್ಲಿ ತಳ ಕಾಣದ ಪ್ರಪಾತ. ಇಷ್ಟನ್ನು ದಾಟಿ ಒಳಗೆ ಕಾಲಿಟ್ಟರೆ ಗುಮ್ಮಟದಂಥ ಛಾವಣಿಯ ತುಂಬ ಕ್ರಿಸ್ತನ ಶಿಷ್ಯರ ವರ್ಣಚಿತ್ರಗಳು. ಶತಮಾನಗಳು ಕಳೆದರೂ ಬಣ್ಣ ಮಾಸಿಲ್ಲ. ಒಣಹವೆಯೂ ಕತ್ತಲೆಯೂ ಅವನ್ನು ಕಾಪಾಡಿವೆ. ದೀಕ್ಷಾಸ್ನಾನಕ್ಕೆಂದು ಎಳೆಯ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಈ ಬಂಡೆಯನ್ನು ಏರುವ ತಾಯಂದಿರಿದ್ದಾರೆ. ಅವರಿಗೆ ಹಾದಿಯ ಕಷ್ಟವು ಪೂಜೆಗೆ ಅಡ್ಡಿಯಲ್ಲ, ಪೂಜೆಯ ಮೊದಲ ಭಾಗ.

ಈ ಮಾತು ಉತ್ತರ ಕನ್ನಡದ ಜನರಿಗೆ ಹೊಸದೇನೂ ಅಲ್ಲ. ‘ರೊಕ್ಕವಿದ್ದವ ಗೋಕರ್ಣಕ್ಕೆ, ಸೊಕ್ಕಿದ್ದವ ಯಾಣಕ್ಕೆ’ ಎಂಬ ಗಾದೆ ಆ ಸೀಮೆಯಲ್ಲಿ ಹಳೆಯದು. ಸೊಕ್ಕು ಎಂದರೆ ಇಲ್ಲಿ ಅಹಂಕಾರವೆಂದು ಮಾತ್ರ ತಿಳಿಯಬಾರದು. ಮೈಯಲ್ಲಿ ಕಸುವು, ಎದೆಯಲ್ಲಿ ದಿಟ್ಟತನ ಎಂಬ ಅರ್ಥವೂ ಅದರಲ್ಲಿದೆ. ಕುಮಟಾ ತಾಲೂಕಿನ ಯಾಣಕ್ಕೆ ಅಂಕೋಲೆಯ ಕಡೆಯಿಂದ ಅಚವೆಯ ಮೇಲೆ ಹೋಗುವ ದಾರಿಯೊಂದಿದೆ. ಹಿಂದೆ ಈ ದಾರಿಗಳೆಲ್ಲ ಕಾಡಿನೊಳಗಿನ ಕಾಲುಹಾದಿಗಳು. ನಡೆದು ಬಂದವರ ಎದುರಿಗೆ ಸುಮಾರು 120 ಮೀಟರು ಎತ್ತರದ ಕರಿಯ ಭೈರವೇಶ್ವರ ಶಿಖರವೂ 90 ಮೀಟರು ಎತ್ತರದ ಮೋಹಿನಿ ಶಿಖರವೂ ಮರಗಳ ನಡುವಿನಿಂದ ಥಟ್ಟನೆ ಏಳುತ್ತವೆ. ದೊಡ್ಡ ಶಿಖರದ ಬುಡದ ಗುಹೆಯಲ್ಲಿ ಲಿಂಗವಿದೆ. ಅದರ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಶಿವರಾತ್ರಿಯ ಜಾತ್ರೆಗೆ ಬಂದವರು ಇಲ್ಲಿಯ ತೀರ್ಥವನ್ನು ತೆಗೆದುಕೊಂಡು ಗೋಕರ್ಣದ ಮಹಾಬಲೇಶ್ವರನ ಅಭಿಷೇಕಕ್ಕೆಂದು ನಡೆದುಹೋಗುವ ಪದ್ಧತಿಯುಂಟು. ಈಗ ಶಿಖರದ ಸಮೀಪದವರೆಗೆ ವಾಹನಗಳು ಹೋಗುತ್ತವೆ. ಗಾದೆ ಮಾತ್ರ ಉಳಿದಿದೆ.

ತಿಗ್ರಾಯಿನಲ್ಲಿ ಬಂಡೆಯೂ ಯಾಣದಲ್ಲಿ ಕಾಡೂ ಮಾಡಿದ ಕೆಲಸವನ್ನು ಕಾರವಾರದಲ್ಲಿ ಕಡಲು ಮಾಡುತ್ತದೆ. ಬಂಡೆ ವರ್ಷವಿಡೀ ಒಂದೇ ತೆರನಾಗಿರುತ್ತದೆ, ಕಡಲು ಹಾಗಲ್ಲ. ಜೂನ್ ತಿಂಗಳಿನಲ್ಲಿ ನೈರುತ್ಯ ಮಾರುತವು ಬೀಸತೊಡಗಿದೊಡನೆ ಅರಬ್ಬೀ ಸಮುದ್ರವು ಕೆರಳುತ್ತದೆ. ಯಂತ್ರದೋಣಿಗಳಿಗೆ ಆ ತಿಂಗಳ ಮೊದಲ ದಿನದಿಂದ 61 ದಿನಗಳ ಕಾಲ ಮೀನುಗಾರಿಕೆ ನಿಷಿದ್ಧ. ಮೀನುಗಳು ಮೊಟ್ಟೆಯಿಡುವ ಕಾಲವೆಂಬುದು ಇದಕ್ಕೆ ಒಂದು ಕಾರಣ, ಕಡಲಿನ ಉಗ್ರತೆ ಇನ್ನೊಂದು. ಮಳೆಗಾಲ ಕಳೆದು ಚಳಿ ಕಾಲಿಟ್ಟ ಮೇಲೆ ನೀರು ತಿಳಿಯಾಗುತ್ತದೆ, ಅಲೆಗಳು ತಗ್ಗುತ್ತವೆ. ಕೂರ್ಮಗಡದ ಜಾತ್ರೆ ಪುಷ್ಯ ಮಾಸದ ಹುಣ್ಣಿಮೆಯಂದು ನಡೆಯುತ್ತದೆ. ಅಂಜುದೀವದ ಮುಖ್ಯ ಹಬ್ಬವು ಫೆಬ್ರವರಿ 2ರಂದು ನಡೆಯುತ್ತಿತ್ತು. ಎರಡು ಮತಗಳ ಎರಡು ಪಂಚಾಂಗಗಳು ಕಡಲು ಶಾಂತವಾಗಿರುವ ಒಂದೇ ಋತುವಿಗೆ ಬಂದು ಸೇರಿದುದು ಗಮನಿಸತಕ್ಕ ಸಂಗತಿ.

ಕೂರ್ಮಗಡದ ಜಾತ್ರೆಯಂದು ಕಾರವಾರದ ಬಂದರು ಮತ್ತು ಕೋಡಿಬಾಗದ ಕಡೆಯಿಂದ ದೋಣಿಗಳು ಬೆಳಗಿನಿಂದಲೇ ಹೊರಡುತ್ತವೆ. ಕಡವಾಡದಲ್ಲಿ ನೆಲೆಸಿರುವ ನರಸಿಂಹನ ಮೂರ್ತಿಯೂ ಅಂದು ಭಕ್ತರಂತೆಯೇ ದೋಣಿಯಲ್ಲಿ ಕಡಲನ್ನು ದಾಟಿ ದ್ವೀಪಕ್ಕೆ ಬರುತ್ತದೆ. ಮೀನುಗಾರರಿಗೆ ಇದು ದೊಡ್ಡ ಹಬ್ಬ. ವರ್ಷವಿಡೀ ಬಲೆಯನ್ನೂ ಮೀನನ್ನೂ ಹೊರುವ ದೋಣಿಗಳು ಆ ದಿನ ಸಿಂಗರಗೊಂಡು, ಹೆಂಗಸರನ್ನೂ ಮಕ್ಕಳನ್ನೂ ಬಾಳೆಗೊನೆಗಳನ್ನೂ ಹೊತ್ತು ಸಾಗುತ್ತವೆ. ನರಸಿಂಹನಿಗೆ ಬಾಳೆಗೊನೆಯನ್ನು ಒಪ್ಪಿಸುವುದು ಇಲ್ಲಿಯ ಹರಕೆ. ದೋಣಿಯಿಂದಿಳಿದು ಗುಡ್ಡವನ್ನೇರಿ, ಗೊನೆಯನ್ನು ಒಪ್ಪಿಸಿ, ಪ್ರಸಾದವನ್ನು ಪಡೆದು, ಬಿಸಿಲು ಇಳಿಯುವ ಮುನ್ನ ಮರಳಿ ದೋಣಿ ಹತ್ತಬೇಕು. ನೆರೆಯ ಗೋವೆಯಿಂದಲೂ ಘಟ್ಟದ ಮೇಲಿನ ಜಿಲ್ಲೆಗಳಿಂದಲೂ ಜನರು ಬರುತ್ತಾರೆ. ಕಡಲನ್ನು ಅಂದೇ ಮೊದಲ ಬಾರಿಗೆ ಕಾಣುವವರೂ ಅವರಲ್ಲಿರುತ್ತಾರೆ.

ಶಾಂತವೆಂದು ಕಾಣುವ ಈ ಕಡಲಿಗೂ ತನ್ನದೇ ಆದ ನಿಯಮಗಳಿವೆ. ಬೆಳಿಗ್ಗೆ ನೆಲದ ಕಡೆಯಿಂದ ತಂಗಾಳಿ ಬೀಸುತ್ತಿದ್ದು ನೀರು ಕನ್ನಡಿಯಂತಿರುತ್ತದೆ. ಹೊತ್ತೇರಿದಂತೆ ನೆಲವು ನೀರಿಗಿಂತ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಆ ಎಡೆಯನ್ನು ತುಂಬಲು ಕಡಲ ಕಡೆಯಿಂದ ಗಾಳಿ ನುಗ್ಗುತ್ತದೆ. ಆದುದರಿಂದ ಹೋಗುವಾಗ ಕಂಡ ಕಡಲೇ ಬೇರೆ, ಮರಳುವಾಗ ಎದುರಾಗುವ ಕಡಲೇ ಬೇರೆ. ಇದಲ್ಲದೆ, ದ್ವೀಪದ ಸಮೀಪದಲ್ಲಿಯೇ ಕಾಳೀ ನದಿಯು ಸಮುದ್ರವನ್ನು ಸೇರುತ್ತದೆ. ಇಂಥ ಅಳಿವೆಯಲ್ಲಿ ನದಿ ತಂದ ಮರಳು ನಿಂತು ನೀರಿನ ಆಳ ಕಡಿಮೆಯಾಗಿರುತ್ತದೆ. ಆಳ ಕಡಿಮೆಯಾದಲ್ಲಿ ಅಲೆಯು ಎದ್ದು ಮುರಿಯುತ್ತದೆ. ಹುಣ್ಣಿಮೆಯಂದು ಸೂರ್ಯಚಂದ್ರರ ಸೆಳೆತಗಳು ಒಂದುಗೂಡುವುದರಿಂದ ಉಬ್ಬರ ಇಳಿತಗಳೂ ಹೆಚ್ಚು. ನೀರಿನ ಸೆಳೆತವೂ ಹೆಚ್ಚು. ಹುಟ್ಟು ಹಾಕಿಯೇ ಬೆಳೆದ ಮೀನುಗಾರನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಘಟ್ಟದ ಮೇಲಿನಿಂದ ಬಂದ ಯಾತ್ರಿಕನಿಗೆ ಅದು ತಿಳಿಯುವ ಬಗೆಯೂ ಇಲ್ಲ.

2019ರ ಜನವರಿ 21ರಂದು, ಜಾತ್ರೆಯ ದಿನವೇ, ಕೂರ್ಮಗಡದಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಜನರು ಪ್ರಾಣ ಕಳೆದುಕೊಂಡರು. ಸತ್ತವರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಹೆಂಗಸರೂ ಮಕ್ಕಳೂ ಇದ್ದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರೆಂದೂ ಹಲವರು ಜೀವರಕ್ಷಕ ಕವಚವನ್ನು ತೊಟ್ಟಿರಲಿಲ್ಲವೆಂದೂ ಅಂದಿನ ವರದಿಗಳು ತಿಳಿಸಿದವು. ತಿಗ್ರಾಯಿನ ಬಂಡೆಯನ್ನು ಒಬ್ಬೊಬ್ಬರಾಗಿಯೇ ಏರಬೇಕು. ಅಲ್ಲಿ ಕಷ್ಟವು ಕಣ್ಣಿಗೆ ಕಾಣುತ್ತದೆ, ಕಾಲಿಗೂ ತಿಳಿಯುತ್ತದೆ. ಯಂತ್ರದೋಣಿಯಾದರೋ ಯಾತ್ರಿಕನಿಗೆ ಏನೂ ತಿಳಿಯಗೊಡದೆ, ಕುಳಿತಲ್ಲಿಯೇ ಅವನನ್ನು ಒಯ್ದು ಮುಟ್ಟಿಸುತ್ತದೆ. ಹಾದಿ ಸುಲಭವಾಯಿತೆಂದು ಕಾಣುತ್ತದೆಯೇ ಹೊರತು ನೀರಿನ ಆಳವೇನೂ ಕಡಿಮೆಯಾಗಿರುವುದಿಲ್ಲ. ಆ ದುರಂತದ ನಂತರದ ಜಾತ್ರೆಗಳಲ್ಲಿ ದೋಣಿಯೇರುವವರೆಲ್ಲ ರಕ್ಷಾಕವಚ ತೊಡಬೇಕೆಂಬ ಕಟ್ಟುಪಾಡು ಬಂದಿತು. ಮಡಿಯುಟ್ಟು ಬಾಳೆಗೊನೆಯನ್ನು ಹೊತ್ತ ಭಕ್ತನ ಎದೆಯ ಮೇಲೆ ಕಿತ್ತಳೆ ಬಣ್ಣದ ಕವಚವೂ ಇರುವುದು ಮೊದಮೊದಲು ವಿಚಿತ್ರವಾಗಿ ಕಂಡೀತು. ಆದರೆ ಯಾಣಕ್ಕೆ ಹೋಗುವವನ ಕೈಯಲ್ಲಿ ಊರುಗೋಲಿದ್ದುದನ್ನು ಯಾರೂ ವಿಚಿತ್ರವೆಂದು ತಿಳಿದಿರಲಿಲ್ಲ.

ಅಂಜುದೀವದ ಕಥೆ ಬೇರೆ ತೆರನಾದುದು. ಸುಮಾರು ಒಂದೂವರೆ ಚದರ ಕಿಲೋಮೀಟರು ವಿಸ್ತಾರದ ಈ ದ್ವೀಪವು ಕಾರವಾರದ ಮಗ್ಗುಲಲ್ಲಿಯೇ ಇದ್ದರೂ ಆಡಳಿತದಲ್ಲಿ ಗೋವಾ ರಾಜ್ಯದ ಕಾಣಕೋಣ ತಾಲೂಕಿಗೆ ಸೇರಿದೆ. ಇಲ್ಲಿ ಸಿಹಿನೀರಿನ ಆಸರೆಗಳಿದ್ದುದರಿಂದ ಹಡಗಿನವರು ಹಿಂದಿನಿಂದಲೂ ನೀರಿಗೂ ಸೌದೆಗೂ ಇಲ್ಲಿ ತಂಗುತ್ತಿದ್ದರು. 1498ರಲ್ಲಿ ಕಲ್ಲೀಕೋಟೆಯಿಂದ ಸ್ವದೇಶಕ್ಕೆ ಹೊರಟ ವಾಸ್ಕೊ ಡ ಗಾಮನು ಇಲ್ಲಿ ತಂಗಿ ಹಡಗುಗಳನ್ನು ದುರಸ್ತಿ ಮಾಡಿಸಿದನು. ಆ ಪ್ರಯಾಣದ ದಿನಚರಿಯಲ್ಲಿ ಅಂದಿನ ಅಂಜುದೀವದ ವರ್ಣನೆಯುಂಟು. ಕಲ್ಲಿನಿಂದ ಕಟ್ಟಿದ ಕೊಳ, ಹಾಳಾಗಿದ್ದ ಒಂದು ದೊಡ್ಡ ಕಟ್ಟಡ, ಅದರಲ್ಲಿ ಹುಲ್ಲು ಹೊದಿಸಿ ಉಳಿಸಿಕೊಂಡಿದ್ದ ಒಂದು ಚಿಕ್ಕ ಗುಡಿ, ಗುಡಿಯೊಳಗೆ ಜನರು ಪೂಜಿಸುತ್ತಿದ್ದ ಮೂರು ಕರಿಯ ಕಲ್ಲುಗಳು ಇವೆಲ್ಲವನ್ನೂ ಬರೆದವನು ಕಂಡಿದ್ದನು. ಎಂದರೆ, ಇಗರ್ಜಿ ಬರುವುದಕ್ಕೆ ಮುಂಚೆಯೇ ಈ ದ್ವೀಪವು ದೇವರ ನೆಲೆಯಾಗಿತ್ತು.

ಅಂಕೋಲೆಯಲ್ಲಿ ಆರ್ಯಾದುರ್ಗೆಯ ದೇವಾಲಯವಿದೆ. ಈ ದೇವಿಯ ಮೂಲ ನೆಲೆ ಅಂಜುದೀವವೆಂದೂ, ಪೋರ್ಚುಗೀಸರು ಬಂದ ಕಾಲದಲ್ಲಿ ಭಕ್ತರು ಮೂರ್ತಿಯನ್ನು ಕಡಲು ದಾಟಿಸಿ ಅಂಕೋಲೆಗೆ ತಂದರೆಂದೂ ಐತಿಹ್ಯವು ಹೇಳುತ್ತದೆ. ದ್ವೀಪದ ಹೆಸರೇ ದೇವಿಯ ಹೆಸರಿನಿಂದ ಬಂದಿತೆಂಬ ನಂಬಿಕೆಯೂ ಉಂಟು. ಯಾತ್ರಿಕರು ಕಡಲು ದಾಟಿ ದೇವರ ಬಳಿಗೆ ಹೋಗುವುದು ಸಾಮಾನ್ಯ. ಇಲ್ಲಿ ದೇವಿಯೇ ಕಡಲು ದಾಟಿ ಭಕ್ತರ ಬಳಿಗೆ ಬಂದಳು.

ಪೋರ್ಚುಗೀಸರ ಮೊದಲ ವೈಸರಾಯನಾದ ಫ್ರಾನ್ಸಿಸ್ಕೊ ಡ ಅಲ್ಮೇಡನು 1505ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿಸಿದನು. ಮರುವರ್ಷವೇ ಅದನ್ನು ಕೆಡವಿಸಬೇಕಾಯಿತು. ಅನಂತರ ದ್ವೀಪವು ಬಹುಕಾಲ ಬರಿದಾಗಿಯೇ ಇದ್ದಿತು. 1662ರಲ್ಲಿ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನ್ಯಕ್ಕೆ ಅಲ್ಲಿನ ಪೋರ್ಚುಗೀಸರು ಊರನ್ನು ಬಿಟ್ಟುಕೊಡಲಿಲ್ಲ. ಸರ್ ಅಬ್ರಹಾಮ್ ಶಿಪ್‌ಮನ್‌ನ ಆ ಪಡೆಯು ಗತ್ಯಂತರವಿಲ್ಲದೆ ಅಂಜುದೀವದಲ್ಲಿ ಇಳಿಯಿತು. ಎರಡು ಮಳೆಗಾಲಗಳು ಕಳೆಯುವಷ್ಟರಲ್ಲಿ ರೋಗರುಜಿನಗಳಿಗೆ ಸಿಕ್ಕಿ ಶಿಪ್‌ಮನ್ನನೂ ಅವನ ಸೈನಿಕರಲ್ಲಿ ಹೆಚ್ಚಿನವರೂ ಸತ್ತರು. 1665ರಲ್ಲಿ ಮುಂಬಯಿಗೆ ಹೋಗಿ ಅದನ್ನು ವಹಿಸಿಕೊಂಡವರು ಅಳಿದುಳಿದ ನೂರರ ಆಸುಪಾಸು ಜನರು. ಸಿಹಿನೀರಿದ್ದರೂ ಮಳೆಗಾಲದಲ್ಲಿ ನೆಲದೊಡನೆ ಸಂಪರ್ಕ ಕಡಿದುಹೋದ ದ್ವೀಪವು ಎಂಥ ಸೆರೆಮನೆಯಾಗಬಲ್ಲುದೆಂಬುದಕ್ಕೆ ಇದು ನಿದರ್ಶನ. 1682ರಲ್ಲಿ ಮರಾಠರ ಸಂಭಾಜಿಯು ದ್ವೀಪವನ್ನು ಹಿಡಿದಾನೆಂಬ ಭಯದಿಂದ ಪೋರ್ಚುಗೀಸರು ಮತ್ತೆ ಇಲ್ಲಿಗೆ ಬಂದು ಕೋಟೆ ಕಟ್ಟಿದರು. ಅಲ್ಲಿಂದ 1961ರವರೆಗೆ ಅದು ಅವರ ಕೈಯಲ್ಲಿಯೇ ಉಳಿಯಿತು.

ಅಂಜುದೀವದ ಇಗರ್ಜಿಯು ನೊಸ್ಸ ಸೆನ್ಯೋರ ದಾಸ್ ಬ್ರೋತಾಸ್ ಎಂಬ ಹೆಸರಿನ ಮೇರಿಮಾತೆಯದು. ಚಿಲುಮೆಗಳ ಮಾತೆ ಎಂದು ಈ ಹೆಸರಿಗೆ ಅರ್ಥ ಹೇಳುವುದುಂಟು. ಉಪ್ಪುನೀರಿನ ನಡುವೆ ಸಿಹಿನೀರು ಸಿಕ್ಕುವ ದ್ವೀಪಕ್ಕೆ ಆ ಹೆಸರು ಚೆನ್ನಾಗಿ ಒಪ್ಪುತ್ತದೆ. ಇದು ಇಥಿಯೋಪಿಯದ ಆರ್ಥೊಡಾಕ್ಸ್ ಪಂಥದ್ದಲ್ಲ, ರೋಮನ್ ಕ್ಯಾಥೊಲಿಕ್ ಪಂಥದ್ದು. ಫೆಬ್ರವರಿ 2ರಂದು ಮಾತೆಯ ಹಬ್ಬ; ಅಕ್ಟೋಬರ್ 4ರಂದು ಸಂತ ಫ್ರಾನ್ಸಿಸ್ ಅಸಿಸಿಯ ಹಬ್ಬ. ಈ ಎರಡು ದಿನಗಳಲ್ಲಿ ಗೋವೆಯ ಮತ್ತು ಕಾರವಾರದ ಕಡೆಯ ಕ್ರೈಸ್ತರು ದೋಣಿಗಳಲ್ಲಿ ದ್ವೀಪಕ್ಕೆ ಹೋಗಿ ಪೂಜೆಯಲ್ಲಿ ಪಾಲುಗೊಳ್ಳುತ್ತಿದ್ದರು. ದೋಣಿ, ಕಡಲು, ಗುಡ್ಡದ ಏರು, ಹರಕೆ, ಹೊತ್ತು ಮುಳುಗುವ ಮುನ್ನ ಮರಳುವ ಅವಸರ ಎಲ್ಲವೂ ಕೂರ್ಮಗಡದಂತೆಯೇ. ದೇವರ ಹೆಸರು ಮಾತ್ರ ಬೇರೆ.

ಭಾರತವು ಸ್ವತಂತ್ರವಾಗಿ 14 ವರ್ಷಗಳು ಕಳೆದರೂ ದ್ವೀಪದ ಮೇಲೆ ಪರದೇಶದ ಧ್ವಜವೇ ಹಾರುತ್ತಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ಸಬರ್ಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡುಗಳು ಹಾರಿದವು. ಕೆಲವು ದಿನಗಳಲ್ಲಿಯೇ ಮೀನುಗಾರನೊಬ್ಬನು ಅವರ ಗುಂಡಿಗೆ ಬಲಿಯಾದನು. ಡಿಸೆಂಬರ್ 18ರಂದು ಭಾರತದ ನೌಕಾದಳದ ‘ಮೈಸೂರು’ ಮತ್ತು ‘ತ್ರಿಶೂಲ’ ನೌಕೆಗಳು ದ್ವೀಪದತ್ತ ಸಾಗಿದವು. ದಡಕ್ಕಿಳಿದ ನಾವಿಕರಲ್ಲಿ ಏಳು ಜನರು ಹೋರಾಟದಲ್ಲಿ ಮಡಿದರು. ಮರುದಿನ ದ್ವೀಪವು ಸ್ವಾಧೀನವಾಯಿತು. ಪೋರ್ಚುಗೀಸರು ಹೋದರು, ಇಗರ್ಜಿ ಉಳಿಯಿತು, ಹಬ್ಬವೂ ಉಳಿಯಿತು.

ಯಾತ್ರೆಯನ್ನು ನಿಲ್ಲಿಸಿದುದು ಯುದ್ಧವಲ್ಲ, ಅನಂತರ ಬಂದ ನೌಕಾನೆಲೆ. ಮುಂಬಯಿಯ ಬಂದರಿನಲ್ಲಿ ಯುದ್ಧನೌಕೆಗಳಿಗೂ ವ್ಯಾಪಾರದ ಹಡಗುಗಳಿಗೂ ಎಡೆ ಸಾಲದಾಗಿತ್ತು. ಹಿಂದೆ ಬೆಟ್ಟಗಳ ಮರೆ, ಮುಂದೆ ದ್ವೀಪಗಳ ಕಾವಲು, ಆಳವಾದ ನೀರು ಇವೆಲ್ಲ ಒಂದೆಡೆ ಸೇರಿದ ಕಾರವಾರದ ದಕ್ಷಿಣ ತೀರವನ್ನು ನೌಕಾದಳವು ಆರಿಸಿಕೊಂಡಿತು. 1986ರಲ್ಲಿ ಶಂಕುಸ್ಥಾಪನೆಯಾದ ‘ಸೀಬರ್ಡ್’ ಯೋಜನೆಗಾಗಿ ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಹಲವು ಕರಾವಳಿ ಗ್ರಾಮಗಳ ಜನರು ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಎಲ್ಲವನ್ನೂ ಬಿಟ್ಟುಕೊಟ್ಟರು. 2005ರ ಮೇ 31ರಂದು ‘ಕದಂಬ’ ಎಂಬ ಹೆಸರಿನ ನೌಕಾನೆಲೆ ಕಾರ್ಯಾರಂಭ ಮಾಡಿತು. ಅಂಜುದೀವವು ಅದರ ಆವರಣದೊಳಗೆ ಸೇರಿಹೋಯಿತು.

ದೇಶದ ರಕ್ಷಣೆಗೆ ಅಗತ್ಯವಾದ ಸ್ಥಳದಲ್ಲಿ ಯಾರೆಂದರೆ ಅವರು ಓಡಾಡುವಂತಿರಬಾರದೆಂಬುದನ್ನು ಅಲ್ಲಗಳೆಯಲಾಗದು. ವರ್ಷಕ್ಕೆ ಎರಡು ದಿನ ಹರಕೆ ಹೊತ್ತು ಬರುವ ಮೀನುಗಾರರಿಂದಲೂ ಗೃಹಿಣಿಯರಿಂದಲೂ ಅದಕ್ಕೆ ಎಷ್ಟು ಅಪಾಯವಾದೀತೆಂಬ ಪ್ರಶ್ನೆಯೂ ಅಷ್ಟೇ ನ್ಯಾಯವಾದುದು. ಹಬ್ಬಕ್ಕೆ ಅವಕಾಶ ಕೊಡಬೇಕೆಂಬ ಬೇಡಿಕೆಯನ್ನು ಗೋವೆಯ ಭಕ್ತರು ಮುಂದಿಟ್ಟಿದ್ದಾರೆ. ನೌಕಾದಳದ ಅನುಮತಿಯಿಲ್ಲದೆ ಸಾರ್ವಜನಿಕರು ದ್ವೀಪದ ಮೇಲೆ ಕಾಲಿಡುವಂತಿಲ್ಲ.

ನೌಕಾನೆಲೆಯ ಬಂದರನ್ನು ಅಲೆಗಳಿಂದ ಕಾಪಾಡಲು ಬೃಹತ್ತಾದ ಕಲ್ಲುಗಳನ್ನು ಕಡಲಿಗೆ ಸುರಿದು ತಡೆಗೋಡೆಯನ್ನು ಕಟ್ಟಲಾಗಿದೆ. ಆ ಗೋಡೆಯು ಅಂಜುದೀವವನ್ನು ನೆಲದೊಡನೆ ಜೋಡಿಸಿದೆ. ವಾಸ್ಕೊ ಡ ಗಾಮನ ನಾವಿಕರೂ ಶಿಪ್‌ಮನ್ನನ ಸೈನಿಕರೂ ಫೆಬ್ರವರಿಯ ಯಾತ್ರಿಕರೂ ನೀರಿನ ಮೇಲೆಯೇ ತಲುಪುತ್ತಿದ್ದ ಆ ನಡುಗಡ್ಡೆಗೆ ಈಗ ದೋಣಿಯಿಲ್ಲದೆಯೂ ಹೋಗಬಹುದು. ದ್ವೀಪದಿಂದ ಬಂದಳೆನ್ನುವ ಆರ್ಯಾದುರ್ಗೆಯ ದರ್ಶನಕ್ಕೆ ಅಂಕೋಲೆಯ ಪೇಟೆಯಿಂದ ಜನರು ನಡೆದೇ ಹೋಗುತ್ತಾರೆ. ದ್ವೀಪದಲ್ಲಿಯೇ ಉಳಿದ ಮಾತೆಯ ಇಗರ್ಜಿ ಮಾತ್ರ ಕಾವಲಿನ ಗಡಿಯ ಆಚೆ, ಗುಡ್ಡದ ಮೇಲಿನ ಮರಗಳ ನಡುವೆ ನಿಂತಿದೆ.